ಥೈರಾಯ್ಡ್ ಮಾತ್ರೆ ಮೂಳೆ ತಿನ್ನುತ್ತಾ? ಟಿಎಸ್‌ಎಚ್, ಕ್ಯಾಲ್ಸಿಯಂ, ಡೆಕ್ಸಾ ಎಲ್ಲದರ ಚರ್ಚೆ

ಔಷಧಿ_ಅಂಗಡಿ

"ಥೈರಾಯ್ಡ್ ಮಾತ್ರೆ ನುಂಗಿದರೆ ಮೂಳೆ ಪೊಳ್ಳಾಗುತ್ತೆ" ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಅದನ್ನು ಓದಿ ಮಾತ್ರೆಯನ್ನೇ ಬಿಟ್ಟುಬಿಡುವವರಿದ್ದಾರೆ. ಇನ್ನೊಂದು ಕಡೆ, ವರ್ಷಗಟ್ಟಲೆ ರಕ್ತಪರೀಕ್ಷೆ ಮಾಡಿಸದೆ ಹಳೇ ಚೀಟಿ ತೋರಿಸಿ ಅದೇ ಡೋಸ್ ಒಯ್ಯುವವರೂ ಇದ್ದಾರೆ. ಎರಡೂ ಸರಿಯಲ್ಲ. ಗೊತ್ತಿರುವವರು ವಿವರವಾಗಿ ಬರೆದರೆ ಎಲ್ಲವೂ ಒಂದೇ ಕಡೆ ಸಿಕ್ಕಂತಾಗುತ್ತದೆ.

ಮಾತಿಗೆ ಒಂದು ಮಾದರಿ ಇಟ್ಟುಕೊಳ್ಳೋಣ. ಯಾರದೋ ರಿಪೋರ್ಟ್ ಅಲ್ಲ, ಚರ್ಚೆಗೆಂದೇ ಮಾಡಿಕೊಂಡದ್ದು. 58 ವರ್ಷದ ಹೆಂಗಸು, ಮುಟ್ಟು ನಿಂತು ಎಂಟು ವರ್ಷ, ತೂಕ 60 ಕೆಜಿ. ಹೈಪೊಥೈರಾಯ್ಡ್‌ಗೆ (ಥೈರಾಯ್ಡ್ ಹಾರ್ಮೋನು ಸಾಲದ ಸ್ಥಿತಿ) ಲೆವೊಥೈರಾಕ್ಸಿನ್, ಅಂದರೆ ಥೈರಾಕ್ಸಿನ್ ಹಾರ್ಮೋನಿನ ಮಾತ್ರೆ, 125 ಮೈಕ್ರೊಗ್ರಾಂ. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು; ಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಇದು ಇಳಿಯುತ್ತದೆ) 0.08, ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಥೈರಾಕ್ಸಿನ್) ನಾರ್ಮಲ್ ಮಿತಿಯ ಮೇಲಿನ ಅಂಚಿನಲ್ಲಿ. ವಿಟಮಿನ್ ಡಿ 14. ಡೆಕ್ಸಾದಲ್ಲಿ (ಮೂಳೆ ಸಾಂದ್ರತೆ ಅಳೆಯುವ ಸ್ಕ್ಯಾನ್) ಸೊಂಟದ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕಿ) −2.1, ಬೆನ್ನುಮೂಳೆಯದು −1.4. ಮೊದಲು ಏನು ನೋಡಬೇಕು?

ಅಂತಃಸ್ರಾವ_ವಾರ್ಡು

ಮೊದಲು ಕೇಳಬೇಕಾದ್ದು: ಈ ಟಿಎಸ್‌ಎಚ್ ಅನ್ನು ಬೇಕೆಂದೇ ಇಳಿಸಿದ್ದಾ, ತಾನಾಗಿ ಇಳಿದದ್ದಾ? ಥೈರಾಯ್ಡ್ ಕ್ಯಾನ್ಸರಿಗೆ ಆಪರೇಷನ್ ಆದವರಲ್ಲಿ ವೈದ್ಯರೇ ಯೋಚಿಸಿ ಇಳಿಸಿರಬಹುದು. ಬರೀ ಹೈಪೊಥೈರಾಯ್ಡ್ ಆಗಿದ್ದರೆ 0.08ಕ್ಕೆ ಸಮರ್ಥನೆ ಇಲ್ಲ, ಡೋಸ್ ಜಾಸ್ತಿಯಾಗಿದೆ ಎಂದೇ ಅರ್ಥ. ಗ್ರಂಥಿ ಪೂರ್ತಿ ಕೈಕೊಟ್ಟವರಿಗೂ ಬೇಕಾಗುವುದು ಕೆಜಿಗೆ ಸುಮಾರು 1.6 ಮೈಕ್ರೊಗ್ರಾಂ. 60 ಕೆಜಿಗೆ ಲೆಕ್ಕ ಹಾಕಿದರೆ 96. ಇವರು ತಗೊಳ್ಳುತ್ತಿರುವುದು 125.

ಮೂಳೆಯ ಮೇಲೆ ಇದು ಏನು ಮಾಡುತ್ತದೆ ನೋಡಿ. ದೊಡ್ಡವರ ಮೂಳೆಯಲ್ಲೂ ಹಳೆಯದನ್ನು ಕರಗಿಸುವ ಜೀವಕೋಶ, ಹೊಸದನ್ನು ಕಟ್ಟುವ ಜೀವಕೋಶ ಎರಡೂ ಸದಾ ದುಡಿಯುತ್ತಿರುತ್ತವೆ. ಒಂದು ಜಾಗದಲ್ಲಿ ಕರಗಿಸಿ, ಕಟ್ಟಿ, ಖನಿಜ ತುಂಬಿ ಮುಗಿಸಲು ಸುಮಾರು 200 ದಿನ ಹಿಡಿಯುತ್ತದೆ. ಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಈ ಸುತ್ತಿನ ಅವಧಿ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ, ಒಂದೇ ಹೊತ್ತಿಗೆ ಸುತ್ತು ಶುರುವಾಗುವ ಜಾಗಗಳೂ ಹೆಚ್ಚುತ್ತವೆ. ಕರಗಿಸುವ ಕೆಲಸ ಬೇಗ ಮುಗಿಯುತ್ತದೆ, ಕಟ್ಟಲು ಸಮಯ ಸಾಲುವುದಿಲ್ಲ. ರಸ್ತೆ ಅಗೆಯುವವರು ಮುಂದೆ ಮುಂದೆ ಓಡಿ, ಗುಂಡಿ ಮುಚ್ಚುವವರು ಹಿಂದೆ ಬಿದ್ದ ಹಾಗೆ. ಚಿಕಿತ್ಸೆ ಇಲ್ಲದ ತೀವ್ರ ಹೈಪರ್‌ಥೈರಾಯ್ಡ್‌ನಲ್ಲಿ (ಥೈರಾಯ್ಡ್ ಹಾರ್ಮೋನು ಹೆಚ್ಚಾದ ಸ್ಥಿತಿ) ಪ್ರತಿ ಸುತ್ತಿಗೆ ಆ ಜಾಗದ ಸುಮಾರು ಹತ್ತನೇ ಒಂದು ಭಾಗದಷ್ಟು ಖನಿಜಭರಿತ ಮೂಳೆ ನಷ್ಟವಾಗುತ್ತದೆ ಎಂಬುದು ಮೂಳೆಯ ಚೂರು ತೆಗೆದು ಅಳೆದ ಲೆಕ್ಕ. ಹೈಪೊಥೈರಾಯ್ಡ್‌ನಲ್ಲಿ ಇದು ತಿರುಗುಮುರುಗು, ಒಂದು ಸುತ್ತು 700 ದಿನದವರೆಗೂ ಎಳೆಯಬಹುದು.

ಇದು ಹೊಸ ಸುದ್ದಿಯೇನಲ್ಲ. ಹೈಪರ್‌ಥೈರಾಯ್ಡ್‌ನಿಂದ ತೀರಿಕೊಂಡ ಒಬ್ಬ ಯುವತಿಯ ಮೂಳೆಗಳು ಹುಳ ತಿಂದಂತೆ ಇದ್ದವೆಂದು ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್ 1891ರಲ್ಲೇ ಬರೆದಿದ್ದರು.

ಹಾಗಾಗಿ ಮೂಳೆ ತಿನ್ನುವುದು ಮಾತ್ರೆಯಲ್ಲ, ಅಗತ್ಯಕ್ಕಿಂತ ಹೆಚ್ಚಾದ ಹಾರ್ಮೋನು. ಅದು ಮಾತ್ರೆಯಿಂದ ಬಂದರೂ ಒಂದೇ, ಗ್ರೇವ್ಸ್ ಕಾಯಿಲೆಯಲ್ಲಿ ಗ್ರಂಥಿಯಿಂದಲೇ ಬಂದರೂ ಒಂದೇ. ಟಿಎಸ್‌ಎಚ್ ಮಿತಿಯೊಳಗೆ ಇರುವ ಡೋಸ್ ನುಂಗುವವರು ಹೆದರಿ ನಿಲ್ಲಿಸಬೇಕಾಗಿಲ್ಲ.

ಕುತೂಹಲಿ_ತುಮಕೂರು

ಒಂದು ಅನುಮಾನ ಸರ್. ಫ್ರೀ ಟಿ4 ನಾರ್ಮಲ್ ಇದೆಯಲ್ಲ? ಟಿಎಸ್‌ಎಚ್ ಮೆದುಳಿನ ಕೆಳಗಿನ ಪಿಟ್ಯುಟರಿಯ ಸಂದೇಶ ಅಷ್ಟೇ. ಅದು ಇಳಿದ ಮಾತ್ರಕ್ಕೆ ಮೂಳೆಗೇನು? ಎಷ್ಟೋ ಜನ "ಟಿಎಸ್‌ಎಚ್ ಕಡಿಮೆ ಇದ್ದರೆ ಚುರುಕಾಗಿರ್ತೀನಿ" ಅಂತ ಹಾಗೇ ಬಿಟ್ಟಿರುತ್ತಾರೆ.

ಅಂತಃಸ್ರಾವ_ವಾರ್ಡು

ಫ್ರೀ ಟಿ4ನ ನಾರ್ಮಲ್ ಮಿತಿ ಸಾವಿರಾರು ಜನರನ್ನು ಸೇರಿಸಿ ಮಾಡಿದ ಅಗಲವಾದ ಮಿತಿ. ಒಬ್ಬೊಬ್ಬರ ಸಹಜ ಮಟ್ಟ ಅದರೊಳಗೆ ಒಂದು ಸಣ್ಣ ಪಟ್ಟಿಯಲ್ಲಿ ಇರುತ್ತದೆ. ನಿಮ್ಮ ಪಟ್ಟಿಗಿಂತ ಸ್ವಲ್ಪ ಮೇಲೆ ಹೋದರೂ ಪಿಟ್ಯುಟರಿಗೆ ಗೊತ್ತಾಗಿ ಟಿಎಸ್‌ಎಚ್ ಹಲವು ಪಟ್ಟು ಇಳಿಯುತ್ತದೆ. ಅಂದರೆ ದೇಹಕ್ಕೆ ಹಾರ್ಮೋನು ಜಾಸ್ತಿಯಾಯಿತೆಂದು ಮೊದಲು ತಿಳಿಸುವುದೇ ಟಿಎಸ್‌ಎಚ್. ಜೊತೆಗೆ ಮೂಳೆಯ ಜೀವಕೋಶಗಳ ಮೇಲೂ ಟಿಎಸ್‌ಎಚ್ ಗ್ರಾಹಕಗಳಿವೆ, ಟಿಎಸ್‌ಎಚ್ ನೇರವಾಗಿಯೇ ಮೂಳೆ ಕರಗುವುದಕ್ಕೆ ಕಡಿವಾಣ ಹಾಕುತ್ತದೆ ಎಂದು 2003ರಲ್ಲಿ ಇಲಿಗಳಲ್ಲಿ ತೋರಿಸಿದರು. ಮನುಷ್ಯರಲ್ಲಿ ಅದರ ಪಾಲು ಎಷ್ಟು ಎಂಬುದು ಇನ್ನೂ ವಾದದಲ್ಲಿದೆ.

ಮುರಿತದ ಲೆಕ್ಕ ಮಾತ್ರ ಗಟ್ಟಿಯಾಗಿದೆ. 13 ಅಧ್ಯಯನಗಳ 70,298 ಜನರ ಮಾಹಿತಿ ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯಲ್ಲಿ, ಟಿ4 ನಾರ್ಮಲ್ ಇದ್ದು ಟಿಎಸ್‌ಎಚ್ ಮಾತ್ರ 0.10ಕ್ಕಿಂತ ಕೆಳಗಿದ್ದವರಿಗೆ ಸೊಂಟದ ಮುರಿತದ ಅಪಾಯ 1.61 ಪಟ್ಟು. ಟಿಎಸ್‌ಎಚ್ ತುಸು ಹೆಚ್ಚಿದ್ದವರಲ್ಲಿ ಅಪಾಯ ಹೆಚ್ಚಿರಲಿಲ್ಲ. ಕೆನಡಾದ ಒಂಟಾರಿಯೊದಲ್ಲಿ 70 ದಾಟಿದವರನ್ನು ನೋಡಿದ 2011ರ ಅಧ್ಯಯನದಲ್ಲಿ ಲೆವೊಥೈರಾಕ್ಸಿನ್ ಡೋಸ್ ಏರಿದಷ್ಟೂ ಮುರಿತ ಏರಿತ್ತು.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. 75 ವರ್ಷದವರಿಗೆ ಟಿಎಸ್‌ಎಚ್ 6 ಬಂತೆಂದು ಓಡಿಹೋಗಿ ಮಾತ್ರೆ ಶುರುಮಾಡಬೇಕಿಲ್ಲ. ಆ ವಯಸ್ಸಿಗೆ 4ರಿಂದ 6 ಸಹಜವೇ. ಅದನ್ನು 1ಕ್ಕೆ ಇಳಿಸಲು ಹೊರಟು 0.2ಕ್ಕೆ ತಂದು, ಎದೆಬಡಿತದ ಏರುಪೇರು ಮತ್ತು ಮೂಳೆ ನಷ್ಟ ಎರಡನ್ನೂ ಕೊಟ್ಟುಬಿಡುತ್ತೇವೆ. ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದಲ್ಲಿ ಅತಿ ಸುಲಭವಾಗಿ ತಪ್ಪಿಸಬಹುದಾದ ಹಾನಿ ಇದೇ.

ಲ್ಯಾಬ್_ಬೆಂಚು

ಡೋಸ್ ಬದಲಿಸುವ ಮೊದಲು ರಿಪೋರ್ಟ್ ನಂಬಬಹುದಾ ಅಂತ ನೋಡಿ. ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ತಗೊಳ್ಳುವವರು ಈಗ ತುಂಬಾ. 5 ಅಥವಾ 10 ಮಿಲಿಗ್ರಾಂ ಬಯೋಟಿನ್ ಇದ್ದರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಹೆಚ್ಚು ಬರುತ್ತದೆ. ಥೇಟ್ ಹೈಪರ್‌ಥೈರಾಯ್ಡ್ ರಿಪೋರ್ಟ್! ರಕ್ತ ಕೊಡುವ ಮುಂಚೆ ಎರಡು ಮೂರು ದಿನ ನಿಲ್ಲಿಸಿ. ಮಲ್ಟಿವಿಟಮಿನ್ ಡಬ್ಬಿಯ ಹಿಂದೆಯೂ ಓದಿ.

ರಕ್ತ ಕೊಡುವ ದಿನ ಥೈರಾಕ್ಸಿನ್ ಮಾತ್ರೆಯನ್ನು ರಕ್ತ ಕೊಟ್ಟ ನಂತರ ನುಂಗಿ. ಮೊದಲೇ ನುಂಗಿದರೆ ಟಿಎಸ್‌ಎಚ್ ಹೆಚ್ಚು ಬದಲಾಗದು, ಆದರೆ ಫ್ರೀ ಟಿ4 ಕೆಲವು ಗಂಟೆ ಏರಿರುತ್ತದೆ. ಡೋಸ್ ಬದಲಾದ ಮೇಲೆ 6ರಿಂದ 8 ವಾರ ಬಿಟ್ಟು ಮಾಡಿಸಿ. ಥೈರಾಕ್ಸಿನ್‌ನ ಅರ್ಧಾಯುಷ್ಯ ಒಂದು ವಾರ, ಪಿಟ್ಯುಟರಿ ಹೊಂದಿಕೊಳ್ಳುವುದು ಅದಕ್ಕಿಂತಲೂ ನಿಧಾನ. ಹದಿನೈದು ದಿನಕ್ಕೇ ಮಾಡಿಸಿ ಮತ್ತೆ ಡೋಸ್ ಬದಲಿಸಿದರೆ ಏರು–ಇಳಿ ಆಟ ನಿಲ್ಲುವುದೇ ಇಲ್ಲ.

ಮೂಳೆಯ ಕಡೆಗೆ ಟಿಎಸ್‌ಎಚ್ ಒಂದೇ ಸಾಲದು. ಕ್ಯಾಲ್ಸಿಯಂ, ಆಲ್ಬುಮಿನ್, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್ (ಮೂಳೆ, ಲಿವರ್‌ನಿಂದ ಬರುವ ಕಿಣ್ವ), ಕ್ರಿಯಾಟಿನಿನ್, ವಿಟಮಿನ್ ಡಿ, ಪಿಟಿಎಚ್ (ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು) ಎಲ್ಲವನ್ನೂ ಒಂದೇ ದಿನದ ರಕ್ತದಲ್ಲಿ ನೋಡುವುದು ಒಳ್ಳೆಯದು. ಆಲ್ಬುಮಿನ್ 4ಕ್ಕಿಂತ ಕಡಿಮೆ ಇದ್ದರೆ ಪ್ರತಿ 1 ಗ್ರಾಂ ಇಳಿಕೆಗೆ ಕ್ಯಾಲ್ಸಿಯಂಗೆ 0.8 ಸೇರಿಸಿ ಓದಬೇಕು.

ಇವನ್ನು ಹೀಗೆ ಜೋಡಿಸಿ ನೋಡಿ. ಥೈರಾಯ್ಡ್ ಹಾರ್ಮೋನು ಹೆಚ್ಚಾಗಿ ಮೂಳೆ ಕರಗುತ್ತಿದ್ದರೆ ಕ್ಯಾಲ್ಸಿಯಂ ಮೇಲಿನ ಅಂಚಿನಲ್ಲಿ ಅಥವಾ ತುಸು ಹೆಚ್ಚು, ಪಿಟಿಎಚ್ ಕಡಿಮೆ. ವಿಟಮಿನ್ ಡಿ ಕೊರತೆಯಾದರೆ ಕ್ಯಾಲ್ಸಿಯಂ ಕಡಿಮೆ ಅಥವಾ ನಾರ್ಮಲ್‌ನ ಕೆಳಗಡೆ, ಪಿಟಿಎಚ್ ಹೆಚ್ಚು. ಕ್ಯಾಲ್ಸಿಯಂ ಹೆಚ್ಚು, ಪಿಟಿಎಚ್ ಕೂಡ ಹೆಚ್ಚು ಅಥವಾ ಇಳಿಯದೆ ನಿಂತಿದೆ ಎಂದರೆ ಪ್ಯಾರಾಥೈರಾಯ್ಡ್ ಗ್ರಂಥಿಯ ಕಡೆ ತಿರುಗಬೇಕು. ಕುತ್ತಿಗೆಯಲ್ಲಿ ಥೈರಾಯ್ಡ್‌ಗೆ ಅಂಟಿಕೊಂಡೇ ಇರುವ ಆ ನಾಲ್ಕು ಸಣ್ಣ ಗ್ರಂಥಿಗಳ ಕಾಯಿಲೆ ಬೇರೆಯೇ. ಮೂತ್ರಪಿಂಡದ ಕಲ್ಲು ಪದೇಪದೇ ಆಗುವವರಲ್ಲಿ ಇದನ್ನು ಮರೆಯಬಾರದು. ಆಲ್ಕಲೈನ್ ಫಾಸ್ಫಟೇಸ್ ಮೂರರಲ್ಲೂ ಏರಬಹುದು, ಅದೊಂದರಿಂದ ತೀರ್ಮಾನಿಸಬೇಡಿ.

ಔಷಧಿ_ಅಂಗಡಿ

ಲ್ಯಾಬ್‌ನವರು ಹೇಳಿದ್ದಕ್ಕೆ ಕೌಂಟರ್ ಕಡೆಯದನ್ನು ಸೇರಿಸುತ್ತೇನೆ, ಏಕೆಂದರೆ ಡೋಸ್ ಹಾದಿ ತಪ್ಪುವುದು ಬಹಳ ಸಲ ಇಲ್ಲೇ.

ಥೈರಾಕ್ಸಿನ್ ಬರಿಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿ, ಟೀ, ತಿಂಡಿಗೆ ಮೊದಲು 30ರಿಂದ 60 ನಿಮಿಷ. ಎದ್ದ ಕೂಡಲೇ ಫಿಲ್ಟರ್ ಕಾಫಿ ಜೊತೆಗೇ ಮಾತ್ರೆ ಬಾಯಿಗೆ ಹಾಕಿಕೊಂಡರೆ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಬೆಳಿಗ್ಗೆ ಆಗದವರು ರಾತ್ರಿ ಊಟವಾಗಿ 3 ಗಂಟೆಯ ನಂತರ ಮಲಗುವಾಗ ತಗೊಳ್ಳಬಹುದು. ಕ್ಯಾಲ್ಸಿಯಂ, ಕಬ್ಬಿಣಾಂಶ, ಆಂಟಾಸಿಡ್ ಇವಕ್ಕೆ 4 ಗಂಟೆ ಅಂತರ ಬೇಕೇ ಬೇಕು, ಹೊಟ್ಟೆಯಲ್ಲಿ ಥೈರಾಕ್ಸಿನ್‌ಗೆ ಅಂಟಿಕೊಂಡು ಅದನ್ನು ರಕ್ತಕ್ಕೆ ಬಿಡುವುದಿಲ್ಲ.

ಈಗ ಯಾರೂ ಗಮನಿಸದ ತಿರುವು. ಒಬ್ಬರು ಮೂರು ವರ್ಷ ಥೈರಾಕ್ಸಿನ್ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಿದ್ದಾರೆ ಅಂದುಕೊಳ್ಳಿ. ಟಿಎಸ್‌ಎಚ್ ಏರಿತು, ಡೋಸ್ 75ರಿಂದ 100, ಆಮೇಲೆ 125 ಆಯಿತು. ಒಂದು ದಿನ ಯಾರೋ ಹೇಳಿದರೆಂದು ಕ್ಯಾಲ್ಸಿಯಂ ಅನ್ನು ಮಧ್ಯಾಹ್ನಕ್ಕೆ ಸರಿಸಿದರು. ಅವತ್ತಿನಿಂದ 125 ಪೂರ್ತಿ ರಕ್ತಕ್ಕೆ ಹೋಗುತ್ತದೆ. ಚೀಟಿಯಲ್ಲಿ ಡೋಸ್ ಬದಲಾಗಿಲ್ಲ, ದೇಹಕ್ಕೆ ಸೇರುವ ಡೋಸ್ ಬದಲಾಗಿದೆ. ಎರಡು ತಿಂಗಳಲ್ಲಿ ಟಿಎಸ್‌ಎಚ್ 0.08! ಮೂಳೆ ಉಳಿಸಲೆಂದು ಮಾಡಿದ ಒಳ್ಳೆಯ ಕೆಲಸವೇ ಮೂಳೆಗೆ ಹೊಡೆತ. ಗ್ಯಾಸ್ಟ್ರಿಕ್ ಮಾತ್ರೆ ನಿಲ್ಲಿಸಿದಾಗ, ಈಸ್ಟ್ರೊಜೆನ್ ಮಾತ್ರೆ ನಿಲ್ಲಿಸಿದಾಗ, ಹತ್ತು ಕೆಜಿ ಇಳಿದಾಗ, ಬೇರೆ ಕಂಪನಿಯ ಮಾತ್ರೆಗೆ ಹೋದಾಗಲೂ ಹೀಗೆ ಆಗಬಹುದು. ಹೊತ್ತು, ಜೊತೆ ಔಷಧಿ, ಬ್ರಾಂಡ್ ಯಾವುದು ಬದಲಾದರೂ 6ರಿಂದ 8 ವಾರಕ್ಕೆ ಟಿಎಸ್‌ಎಚ್ ನೋಡಿ.

ಕ್ಯಾಲ್ಸಿಯಂ ಡಬ್ಬಿಯ ಮೇಲಿನ ಸಂಖ್ಯೆ ಇನ್ನೊಂದು ಗೊಂದಲ. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ ಅಂದರೆ ಸಿಗುವ ಕ್ಯಾಲ್ಸಿಯಂ 500. ಸಿಟ್ರೇಟ್ 1000 ಅಂದರೆ ಸಿಗುವುದು ಸುಮಾರು 210 ಮಾತ್ರ. ಕಾರ್ಬೊನೇಟ್ ಊಟದ ಜೊತೆ, ಅದಕ್ಕೆ ಹೊಟ್ಟೆಯ ಆಮ್ಲ ಬೇಕು. ದಿನವೂ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಿಗೆ ಸಿಟ್ರೇಟ್ ಮೇಲು. ಒಂದು ಸಲಕ್ಕೆ 500ಕ್ಕಿಂತ ಹೆಚ್ಚು ಬೇಡ, ಹೆಚ್ಚು ಕೊಟ್ಟರೂ ಕರುಳು ಹೀರಿಕೊಳ್ಳುವ ಪಾಲು ಕುಗ್ಗುತ್ತದೆ.

ವಿಟಮಿನ್ ಡಿ 60,000 ಐಯು ಸ್ಯಾಶೆ ವಾರಕ್ಕೆ ಒಂದು. ಸಾಮಾನ್ಯವಾಗಿ 8 ವಾರ, ಆಮೇಲೆ ತಿಂಗಳಿಗೊಂದು. ದಿನಕ್ಕೊಂದು ಅಂದುಕೊಂಡು ತಿಂಗಳುಗಟ್ಟಲೆ ಕುಡಿದರೆ ಕ್ಯಾಲ್ಸಿಯಂ ವಿಪರೀತ ಏರಿ ವಾಂತಿ, ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ಮಂಕು, ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು. ಕೊಡುವಾಗ ಸ್ಯಾಶೆಯ ಮೇಲೆ ವಾರದ ಹೆಸರು ಬರೆದುಕೊಡುವುದು ಒಳ್ಳೆಯ ಪದ್ಧತಿ. ಹಾಗೇ, ವರ್ಷಕ್ಕೊಂದು ಭಾರೀ ಡೋಸ್ ಒಳ್ಳೆಯದೆಂಬ ನಂಬಿಕೆಯೂ ತಪ್ಪು. ವರ್ಷಕ್ಕೊಮ್ಮೆ 5 ಲಕ್ಷ ಐಯು ಕೊಟ್ಟ 2010ರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ವಯಸ್ಸಾದ ಹೆಂಗಸರಲ್ಲಿ ಬೀಳುವುದೂ ಮುರಿತವೂ ಹೆಚ್ಚಾಯಿತು.

ಡೆಕ್ಸಾ_ರೂಮು

ಮಾದರಿ ರಿಪೋರ್ಟ್‌ನಲ್ಲಿ ಸೊಂಟ ಬೆನ್ನಿಗಿಂತ ಕೆಟ್ಟದಾಗಿದೆ. ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಹೊರಗಿನ ಗಟ್ಟಿ ಪದರದ ಮೂಳೆಗೆ ಹೆಚ್ಚು ಪೆಟ್ಟು. ಆ ಪದರ ಸೊಂಟದಲ್ಲಿ, ಮುಂಗೈಯಲ್ಲಿ ಹೆಚ್ಚು. ಹಾಗಾಗಿ ಈ ಚಿತ್ರ ಹೊಂದುತ್ತದೆ. ಆದರೂ 58ಕ್ಕೆ ಬೆನ್ನಿನಲ್ಲಿ ಮೂಳೆಯ ಮುಳ್ಳುಗಳು ಬೆಳೆದು ಅಲ್ಲಿನ ಅಂಕಿ ಸುಳ್ಳಾಗಿ ಚೆನ್ನಾಗಿ ಕಾಣಬಹುದು. ಮುಂಗೈಯ ಮೂರನೇ ಒಂದರ ಜಾಗವನ್ನೂ ಸೇರಿಸಿ ಸ್ಕ್ಯಾನ್ ಮಾಡಿಸಿದರೆ ಉತ್ತಮ. ಪ್ಯಾರಾಥೈರಾಯ್ಡ್ ಅನುಮಾನವಿದ್ದರಂತೂ ಅದು ಬೇಕೇ ಬೇಕು.

ಟಿ-ಸ್ಕೋರ್ −1ರಿಂದ −2.5ರ ನಡುವೆ ಇದ್ದರೆ ಆಸ್ಟಿಯೋಪೀನಿಯಾ (ಮೂಳೆ ಸಾಂದ್ರತೆ ತುಸು ಕಡಿಮೆ), −2.5 ಅಥವಾ ಅದಕ್ಕೂ ಕೆಳಗೆ ಆಸ್ಟಿಯೋಪೊರೋಸಿಸ್ (ಪೊಳ್ಳು ಮೂಳೆ). ಮುಟ್ಟು ನಿಲ್ಲದ ಹೆಂಗಸರಿಗೂ 50ರೊಳಗಿನ ಗಂಡಸರಿಗೂ ಟಿ ಅಲ್ಲ, ಝಡ್-ಸ್ಕೋರ್ (ಅದೇ ವಯಸ್ಸಿನವರಿಗೆ ಹೋಲಿಸಿದ ಅಂಕಿ) ನೋಡಬೇಕು. 32ರ ಗ್ರೇವ್ಸ್ ರೋಗಿಗೆ ಟಿ-ಸ್ಕೋರ್ ನೋಡಿ ಆಸ್ಟಿಯೋಪೊರೋಸಿಸ್ ಎಂದು ಚೀಟಿ ಕೊಡುವುದು ತಪ್ಪು.

ಸ್ಕ್ಯಾನ್‌ಗೆ 24 ಗಂಟೆ ಮೊದಲು ಕ್ಯಾಲ್ಸಿಯಂ ಮಾತ್ರೆ ಬೇಡ, ಕರಗದ ಮಾತ್ರೆ ಬೆನ್ನುಮೂಳೆಯ ಮೇಲೆ ಕಾಣಿಸಿಕೊಂಡು ಅಂಕಿ ಕೆಡಿಸುತ್ತದೆ. ಬಣ್ಣ ಹಾಕಿದ ಸಿಟಿ ಅಥವಾ ಥೈರಾಯ್ಡ್ ನ್ಯೂಕ್ಲಿಯರ್ ಸ್ಕ್ಯಾನ್ ಆಗಿದ್ದರೆ ಮೊದಲೇ ತಿಳಿಸಿ, ಕೆಲವು ದಿನ ಮುಂದೂಡಬೇಕಾಗುತ್ತದೆ. ಮರುಪರೀಕ್ಷೆ ಅದೇ ಯಂತ್ರದಲ್ಲೇ, ಒಂದೆರಡು ವರ್ಷಕ್ಕೆ. ಸಾಮಾನ್ಯವಾಗಿ ಶೇ. 3ರಿಂದ 5ರೊಳಗಿನ ವ್ಯತ್ಯಾಸ ಅಳತೆಯ ತಪ್ಪೇ ಇರಬಹುದು, ಆರು ತಿಂಗಳಿಗೇ ಮಾಡಿಸಿ ಗಾಬರಿಯಾಗಬೇಡಿ. ಶಿಬಿರಗಳಲ್ಲಿ ಹಿಮ್ಮಡಿಗೆ ಮಾಡುವ ಅಲ್ಟ್ರಾಸೌಂಡ್ ನೋಡಿ ಔಷಧಿ ಶುರುಮಾಡುವಂತಿಲ್ಲ.

ಯೌವನದ ಎತ್ತರಕ್ಕಿಂತ 4 ಸೆಂ.ಮೀ. ಕುಗ್ಗಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆಸಿ. ನೋವೇ ಇಲ್ಲದೆ ಕುಸಿದ ಕಶೇರುಕಗಳು ಸಿಗುತ್ತವೆ. ಅಂಥ ಒಂದು ಕುಸಿತ ಇದ್ದರೆ ಟಿ-ಸ್ಕೋರ್ ಎಷ್ಟೇ ಇರಲಿ, ಚಿಕಿತ್ಸೆ ಬೇಕು.

ಪಥ್ಯ_ಪಾಕ

ಡೆಕ್ಸಾದ ಮಾತು ಬಂದದ್ದರಿಂದ ನಮ್ಮ ಕಡೆಯದೇ ಒಂದು ವಿಷಯ. ಪಾವಗಡ, ಮುಂಡರಗಿಯಂಥ ಫ್ಲೋರೈಡ್ ಪ್ರದೇಶಗಳಲ್ಲಿ ದಶಕಗಳ ಕಾಲ ಬೋರ್‌ವೆಲ್ ನೀರು ಕುಡಿದವರ ಬೆನ್ನುಮೂಳೆಯ ಸಾಂದ್ರತೆ ಡೆಕ್ಸಾದಲ್ಲಿ ತುಂಬಾ ಹೆಚ್ಚು ಬರಬಹುದು. ಅಂಕಿ ಚೆನ್ನಾಗಿದೆ, ಮೂಳೆ ಚೆನ್ನಾಗಿಲ್ಲ. ಫ್ಲೋರೈಡ್ ತುಂಬಿದ ಮೂಳೆ ದಟ್ಟ, ಆದರೆ ಪೆಡಸು. ಹಲ್ಲಿನ ಕಂದು ಕಲೆ, ಬಗ್ಗದ ಬೆನ್ನು ಇದ್ದರೆ ಮುಂಗೈ ಎಕ್ಸ್‌ರೇ ತೆಗೆಸಿ, ನೀರನ್ನೂ ಪರೀಕ್ಷೆ ಮಾಡಿಸಬೇಕು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ ಗರಿಷ್ಠ 1.5. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ನೀರು ಬಳಸಿ.

ಕ್ಯಾಲ್ಸಿಯಂ ಎಷ್ಟು ಬೇಕು? ಐಸಿಎಂಆರ್ 2020ರ ಶಿಫಾರಸಿನಂತೆ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1200. ಮಾತ್ರೆಗೆ ಕೈಹಾಕುವ ಮೊದಲು ತಟ್ಟೆ ಲೆಕ್ಕ ಹಾಕಿ. 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 350. ಹಾಲು, ಮೊಸರು ಸೇರಿ 400 ಮಿಲಿಯಲ್ಲಿ 480ರ ಆಸುಪಾಸು. ಹತ್ತು ಗ್ರಾಂ ಎಳ್ಳಿನಲ್ಲಿ 100ಕ್ಕೂ ಮೇಲೆ. ಇದರ ಜೊತೆ ನುಗ್ಗೆಸೊಪ್ಪೋ ಹರಿವೆಯೋ ಒಂದು ಪಲ್ಯ ಬಿದ್ದರೆ 1000 ದಾಟಿತು. ರಾಗಿಯ ಫೈಟೇಟ್ ಸ್ವಲ್ಪ ಕ್ಯಾಲ್ಸಿಯಂ ಹಿಡಿದಿಡುತ್ತದೆ, ಮೊಳಕೆ ಕಟ್ಟಿದ ಹಿಟ್ಟು ಅಥವಾ ಹುಳಿ ಬರಿಸಿದ ಅಂಬಲಿಯಲ್ಲಿ ಅದು ಕಡಿಮೆ. ಪಾಲಕ್ ಅನ್ನು ಕ್ಯಾಲ್ಸಿಯಂ ಲೆಕ್ಕಕ್ಕೆ ಹಿಡಿಯಬೇಡಿ, ಅದರ ಆಕ್ಸಲೇಟ್ ಬಹುಪಾಲನ್ನು ಬಿಡುವುದೇ ಇಲ್ಲ.

ಆದರೆ ಬೆಳಗಿನ ರಾಗಿ ಗಂಜಿ, ಹಾಲು ಥೈರಾಕ್ಸಿನ್ ಆದ ಐದೇ ನಿಮಿಷಕ್ಕೆ ಬೇಡ. ಮಾತ್ರೆಯ ನಂತರ ಒಂದು ಗಂಟೆ ಬಿಡಿ. ಕೋಸು, ಹೂಕೋಸು ಪೂರ್ತಿ ಬಿಟ್ಟುಬಿಡಿ ಎಂಬ ಸಲಹೆಗೆ ಅರ್ಥವಿಲ್ಲ, ಬೇಯಿಸಿ ತಿನ್ನಿ. ಉಪ್ಪು ಅಯೋಡಿನ್‌ದೇ ಇರಲಿ, ಪ್ರಮಾಣ ಮಾತ್ರ ಕಡಿಮೆ. ಉಪ್ಪು ಜಾಸ್ತಿಯಾದಷ್ಟೂ ಮೂತ್ರದಲ್ಲಿ ಹೋಗುವ ಕ್ಯಾಲ್ಸಿಯಂ ಜಾಸ್ತಿ.

ಫಿಜಿಯೊ_ಧಾರವಾಡ

ಎಲ್ಲಾರೂ ಹೇಳಿದ್ದು ಖರೆ ಐತ್ರಿ, ಆದ್ರ ಎಲುಬು ಮುರಿಯೂದು ಬಹಳ ಸರ್ತಿ ಮನಷ್ಯಾ ಬಿದ್ದಾಗ. ಥೈರಾಯ್ಡ್ ಹೆಚ್ಚಾದ್ರ ತೊಡಿ, ಸೊಂಟ, ಭುಜದ ಸ್ನಾಯು ಸೋಲ್ತಾವ. ಕುರ್ಚ್ಯಾಗಿಂದ ಕೈ ಊರದ ಏಳಾಕ ಆಗಂಗಿಲ್ಲ, ಪಾವಟಿಗಿ ಹತ್ತೂದು ಕಷ್ಟ ಆಗ್ತೈತಿ. ಮನಿಯಾಗ ನೋಡಾಕ ಒಂದು ಪರೀಕ್ಷಾ ಐತಿ. ಎದಿ ಮ್ಯಾಲೆ ಕೈ ಕಟ್ಟಿ ಕುರ್ಚ್ಯಾಗಿಂದ ಐದು ಸಲ ಎದ್ದು ಕೂಡ್ರಿ. 15 ಸೆಕೆಂಡಿಗಿಂತ ಹೆಚ್ಚು ಹಿಡದ್ರ ಕಾಲಾಗ ಶಕ್ತಿ ಕಡಿಮಿ ಐತಿ ಅಂತ ತಿಳೀರಿ.

ಬರೇ ವಾಕಿಂಗ್ ಸಾಲಂಗಿಲ್ರಿ. ವಾರಕ್ಕ ಎರಡು ಮೂರು ದಿನ ಭಾರ ಎತ್ತೂ ವ್ಯಾಯಾಮ ಬೇಕು. ಕುರ್ಚಿಯಿಂದ ಏಳೂದು–ಕೂಡೂದು ಹತ್ತು ಹತ್ತರಂಗ ಮೂರು ಸಲ, ಗ್ವಾಡಿಗೆ ಕೈ ಊರಿ ದಂಡಾ, ನೀರಿನ ಬಾಟ್ಲಿ ಹಿಡದು ಕೈ ಎತ್ತೂದು. ದಿನಾ ಕಟ್ಟಿ ಹಿಡಕೊಂಡು ಒಂದ ಕಾಲ ಮ್ಯಾಲೆ ನಿಂದರ್ರಿ. ಬೆನ್ನಿನ ಎಲುಬು ಕುಸಿದವರು ಮುಂದ ಬಾಗಿ ಕಾಲ ಮುಟ್ಟೂ ಆಸನ ಮಾಡಬ್ಯಾಡ್ರಿ, ಸೊಂಟ ತಿರುವಬ್ಯಾಡ್ರಿ. ಸುಮ್ಮ ಕುಂತಾಗ ನಾಡಿ 100ರ ಮ್ಯಾಲೆ ಇದ್ರ ಮೊದಲು ಥೈರಾಯ್ಡ್ ಹತೋಟಿಗೆ ಬರಲಿ, ಜೋರ ವ್ಯಾಯಾಮ ಆಮ್ಯಾಲೆ.

ಬಚ್ಚಲದಾಗ ಹಿಡಿಕಿ, ರಾತ್ರಿ ದೀಪ, ಜಾರದ ಚಪ್ಪಲಿ. ಇವು ಯಾವ ಗುಳಿಗಿಗೂ ಕಡಿಮಿ ಅಲ್ರಿ.

ಕುತೂಹಲಿ_ತುಮಕೂರು

ಕ್ಯಾನ್ಸರ್ ಆಪರೇಷನ್ ಆದವರ ಕಥೆ ಏನು? ಅವರಿಗೆ ಟಿಎಸ್‌ಎಚ್ ಇಳಿಸಲೇಬೇಕಲ್ಲ? ಥೈರಾಯ್ಡ್ ಜೊತೆ ಅದರದೇ ಇನ್ನೊಂದು ಹಾರ್ಮೋನು ಕ್ಯಾಲ್ಸಿಟೋನಿನ್ ಕೂಡ ಹೋಗುತ್ತೆ, ಅದಕ್ಕೇ ಮೂಳೆ ಸವೆಯುತ್ತೆ ಅಂತಲೂ ಓದಿದ್ದೆ.

ಅಂತಃಸ್ರಾವ_ವಾರ್ಡು

ಎಲ್ಲರಿಗೂ ಒಂದೇ ಮಟ್ಟಕ್ಕೆ ಇಳಿಸಬೇಕಿಲ್ಲ. ಅಮೆರಿಕದ ಥೈರಾಯ್ಡ್ ಸಂಘದ 2015ರ ಮಾರ್ಗಸೂಚಿಯಲ್ಲಿ ಆರಂಭದ ಗುರಿ ಹೀಗಿತ್ತು: ಮರುಕಳಿಸುವ ಅಪಾಯ ಹೆಚ್ಚಿರುವವರಿಗೆ 0.1ಕ್ಕಿಂತ ಕೆಳಗೆ, ಮಧ್ಯಮ ಅಪಾಯದವರಿಗೆ 0.1ರಿಂದ 0.5, ಕಡಿಮೆ ಅಪಾಯದವರಿಗೆ ಥೈರೊಗ್ಲೊಬ್ಯುಲಿನ್ (ಥೈರಾಯ್ಡ್ ಜೀವಕೋಶ ಉಳಿದಿದೆಯೇ ಎಂದು ತಿಳಿಸುವ ರಕ್ತದ ಗುರುತು) ಪತ್ತೆಯಾಗದಿದ್ದರೆ 0.5ರಿಂದ 2. ಆಮೇಲೆ ಸ್ಕ್ಯಾನ್, ಥೈರೊಗ್ಲೊಬ್ಯುಲಿನ್ ಎರಡೂ ಚೆನ್ನಾಗಿ ಬಂದರೆ ಗುರಿಯನ್ನು ಸಡಿಲಿಸಬಹುದು. ಹಲವು ಕಡೆ ಅದು ಆಗುವುದಿಲ್ಲ, ಮೊದಲ ವರ್ಷದ ಗುರಿಯೇ ಹತ್ತು ವರ್ಷ ಮುಂದುವರಿಯುತ್ತದೆ. ಪ್ರತಿ ವರ್ಷದ ಭೇಟಿಯಲ್ಲಿ "ಈಗ ನನ್ನ ಟಿಎಸ್‌ಎಚ್ ಗುರಿ ಎಷ್ಟು?" ಎಂದು ರೋಗಿಯೇ ಕೇಳಿ ಫೈಲಿನಲ್ಲಿ ಬರೆಸಿಕೊಳ್ಳಬೇಕು. ಇಳಿಸಿದ ಟಿಎಸ್‌ಎಚ್‌ನಿಂದ ಮೂಳೆ ನಷ್ಟ ಎದ್ದು ಕಾಣುವುದು ಮುಟ್ಟು ನಿಂತವರಲ್ಲಿ. ಈಸ್ಟ್ರೊಜೆನ್ ಇರುವ ವಯಸ್ಸಿನಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಕ್ಯಾಲ್ಸಿಟೋನಿನ್ ಬಗ್ಗೆ ಚಿಂತೆ ಬೇಡ. ಅದು ಹೋದದ್ದರಿಂದ ಮೂಳೆ ಸವೆಯುವುದಿಲ್ಲ. ಆಪರೇಷನ್‌ನಲ್ಲಿ ನಿಜವಾಗಿ ನೋಡಬೇಕಾದದ್ದು ಪ್ಯಾರಾಥೈರಾಯ್ಡ್. ಅವಕ್ಕೆ ರಕ್ತ ನಿಂತರೆ ಮೊದಲ ದಿನಗಳಲ್ಲೇ ತುಟಿ, ಬೆರಳ ತುದಿ ಜುಮುಜುಮು, ಕೈ ಸೆಟೆದುಕೊಳ್ಳುವುದು. ಇದಕ್ಕೆ ಕ್ಯಾಲ್ಸಿಯಂ ಜೊತೆ ಕ್ಯಾಲ್ಸಿಟ್ರಿಯಾಲ್ (ಸಕ್ರಿಯ ರೂಪದ ವಿಟಮಿನ್ ಡಿ) ಬೇಕು. ಪಿಟಿಎಚ್ ಇಲ್ಲದಾಗ ಮೂತ್ರಪಿಂಡ ಸಾದಾ ವಿಟಮಿನ್ ಡಿಯನ್ನು ಸಾಕಷ್ಟು ಸಕ್ರಿಯ ರೂಪಕ್ಕೆ ಬದಲಿಸುವುದಿಲ್ಲ. ದಿನಕ್ಕೆ ಮೂರು ಸಲ ಕ್ಯಾಲ್ಸಿಯಂ ನುಂಗುವ ಇವರಿಗೆ 4 ಗಂಟೆ ಅಂತರ ಹೊಂದಿಸುವುದೇ ಕಷ್ಟ. ಬೆಳಿಗ್ಗೆ 6ಕ್ಕೆ ಥೈರಾಕ್ಸಿನ್, 10ಕ್ಕೆ ಮೊದಲ ಕ್ಯಾಲ್ಸಿಯಂ, ಮಧ್ಯಾಹ್ನ 2, ರಾತ್ರಿ ಊಟಕ್ಕೆ ಮೂರನೆಯದು ಎಂದು ಇಟ್ಟುಕೊಂಡರೆ ನಡೆಯುತ್ತದೆ.

ಗ್ರೇವ್ಸ್_ಕ್ಲಿನಿಕ್

ಗ್ರೇವ್ಸ್ ಕಡೆ ಒಂದಿಷ್ಟು. ಕಾರ್ಬಿಮಜೋಲ್ ಮಾತ್ರೆ, ವಿಕಿರಣ ಅಯೋಡಿನ್ ಅಥವಾ ಆಪರೇಷನ್, ಯಾವುದರಿಂದ ಹತೋಟಿಗೆ ಬಂದರೂ ಮೂಳೆ ಸಾಂದ್ರತೆ ಒಂದೆರಡು ವರ್ಷದಲ್ಲಿ ಬಹಳಷ್ಟು ಮರಳುತ್ತದೆ, ವಯಸ್ಸಾದವರಲ್ಲಿ ಪೂರ್ತಿ ಅಲ್ಲ. ಹತೋಟಿಗೆ ಬಂದ ಮೇಲೂ ಆಲ್ಕಲೈನ್ ಫಾಸ್ಫಟೇಸ್ ತಿಂಗಳುಗಟ್ಟಲೆ ಏರಿಯೇ ಇರುತ್ತದೆ. ಕಟ್ಟುವ ಕೆಲಸ ನಡೆಯುತ್ತಿದೆ ಎಂದರ್ಥ, ಅದನ್ನು ಲಿವರ್ ಕಾಯಿಲೆ ಎಂದು ಹುಡುಕುತ್ತಾ ಹೋಗಬೇಡಿ. ಕಾರ್ಬಿಮಜೋಲ್ ಮೇಲಿರುವಾಗ ಜ್ವರ, ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಬಿಳಿ ರಕ್ತಕಣ ಎಣಿಸಬೇಕು.

ಕಣ್ಣು ಉಬ್ಬಿದವರಿಗೆ ಕೊಡುವ ಮೀಥೈಲ್‌ಪ್ರೆಡ್ನಿಸೊಲೋನ್ ಡ್ರಿಪ್ 12 ವಾರದಲ್ಲಿ ಒಟ್ಟು 4.5 ಗ್ರಾಂ. ಮೊದಲೇ ಸವೆದ ಮೂಳೆಯ ಮೇಲೆ ಸ್ಟೀರಾಯ್ಡ್. ಮುಟ್ಟು ನಿಂತವರಿಗೆ ಡ್ರಿಪ್ ಶುರುವಾಗುವ ಮೊದಲೇ ಡೆಕ್ಸಾ, ವಿಟಮಿನ್ ಡಿ ನೋಡಿಬಿಡಿ. ಮತ್ತೆ, ಹೈಪರ್ ಹಂತದಲ್ಲಿ ಕ್ಯಾಲ್ಸಿಯಂ ಏರಿದ್ದರೆ "ಮೂಳೆಗೆ ಒಳ್ಳೆಯದು" ಅಂತ ಕ್ಯಾಲ್ಸಿಯಂ ಮಾತ್ರೆ ಸೇರಿಸಬಾರದು.

ಔಷಧಿ_ಅಂಗಡಿ

ಹಾಗಾದರೆ ನಮ್ಮ ಮಾದರಿಯ 58ರವರಿಗೆ ಮೂಳೆ ಔಷಧಿ ಈಗಲೇ ಬೇಕಾ?

ಗ್ರೇವ್ಸ್_ಕ್ಲಿನಿಕ್

ನಾನಾದರೆ ಶುರುಮಾಡುತ್ತೇನೆ. ಸೊಂಟ −2.1, ಮುಟ್ಟು ನಿಂತಿದೆ, ಟಿಎಸ್‌ಎಚ್ ಎಷ್ಟು ವರ್ಷದಿಂದ ಹೀಗಿತ್ತೋ ಗೊತ್ತಿಲ್ಲ.

ಅಂತಃಸ್ರಾವ_ವಾರ್ಡು

ನಾನು ಒಪ್ಪುವುದಿಲ್ಲ. ಮುರಿತವಿಲ್ಲ, −2.5 ದಾಟಿಲ್ಲ. ನಷ್ಟದ ಎರಡು ಕಾರಣ ಕಣ್ಣೆದುರೇ ಇವೆ, ಎರಡೂ ಸರಿಪಡಿಸಬಹುದಾದವು. ಡೋಸ್ 100ಕ್ಕೆ ಇಳಿಸಿ, 6ರಿಂದ 8 ವಾರಕ್ಕೆ ಟಿಎಸ್‌ಎಚ್. ವಿಟಮಿನ್ ಡಿ ತುಂಬಿಸಿ. 14 ಎಂದರೆ ಖನಿಜ ತುಂಬದ ಮೆತ್ತನೆ ಮೂಳೆಯೂ ಸ್ವಲ್ಪ ಬೆರೆತಿರಬಹುದು, ಅದೂ ಡೆಕ್ಸಾದಲ್ಲಿ ಕಡಿಮೆಯಾಗಿಯೇ ಕಾಣುತ್ತದೆ. ಒಂದು ವರ್ಷಕ್ಕೆ ಮತ್ತೆ ಡೆಕ್ಸಾ. ಆದರೆ ಬೆನ್ನಿನ ಎಕ್ಸ್‌ರೇನಲ್ಲಿ ಕುಸಿತ ಕಂಡರೆ, ತಾಯಿಗೋ ತಂದೆಗೋ ಸೊಂಟ ಮುರಿದಿದ್ದರೆ, ಸ್ಟೀರಾಯ್ಡ್ ಇದ್ದರೆ ನಿಮ್ಮ ಮಾತೇ ಸರಿ. ಫ್ರ್ಯಾಕ್ಸ್ (ಮುಂದಿನ ಮುರಿತದ ಅಪಾಯ ಅಂದಾಜಿಸುವ ಸೂತ್ರ) ಲೆಕ್ಕ ಹಾಕುವವರು ಒಂದು ಗಮನಿಸಿ: ಅದರಲ್ಲಿ ಹೈಪರ್‌ಥೈರಾಯ್ಡ್‌ಗೆ ಇರುವ "ಸೆಕೆಂಡರಿ" (ಬೇರೆ ಕಾಯಿಲೆಯಿಂದ ಬಂದದ್ದು) ಗುರುತು, ಡೆಕ್ಸಾ ಅಂಕಿ ಹಾಕಿದ ಮೇಲೆ ಫಲಿತಾಂಶಕ್ಕೆ ಏನನ್ನೂ ಸೇರಿಸುವುದಿಲ್ಲ. ಬಂದ ಶೇಕಡಾವನ್ನು ಸ್ವಲ್ಪ ಕಡಿಮೆ ಅಂದಾಜೆಂದೇ ಓದಬೇಕು.

ಗ್ರೇವ್ಸ್_ಕ್ಲಿನಿಕ್

ಎಕ್ಸ್‌ರೇ ಮೊದಲು ಎನ್ನುವುದಕ್ಕೆ ನನ್ನದೂ ಒಪ್ಪಿಗೆ. ವರ್ಷದ ನಂತರ ಮತ್ತೆ ಇಳಿದಿದ್ದರೆ ಕಾಯಬಾರದು.

ಔಷಧಿ_ಅಂಗಡಿ

ಔಷಧಿ ಶುರುವಾದವರಿಗೆ ಹೊತ್ತಿನ ತೊಡಕು ಒಂದಿದೆ. ಅಲೆಂಡ್ರೊನೇಟ್ 70 ಮಿಲಿಗ್ರಾಂ ವಾರಕ್ಕೊಂದು, ಅದಕ್ಕೂ ಬರಿಹೊಟ್ಟೆ ಬೇಕು, ಥೈರಾಕ್ಸಿನ್‌ಗೂ ಬರಿಹೊಟ್ಟೆ ಬೇಕು. ಭಾನುವಾರ ಅಂದುಕೊಳ್ಳಿ: 6ಕ್ಕೆ ಅಲೆಂಡ್ರೊನೇಟ್, ಒಂದು ದೊಡ್ಡ ಲೋಟ ಬರೀ ನೀರು, ಮಲಗದೆ ನೆಟ್ಟಗೆ ಕೂತು ಅಥವಾ ಓಡಾಡಿಕೊಂಡು ಇರಬೇಕು. 6:30ಕ್ಕೆ ಥೈರಾಕ್ಸಿನ್. 7:30ಕ್ಕೆ ಕಾಫಿ, ತಿಂಡಿ. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ. ನುಂಗಿ ಮಲಗಿದರೆ ಅನ್ನನಾಳ ಸುಟ್ಟ ಹಾಗೆ ಹುಣ್ಣಾಗುತ್ತದೆ.

ಅಂತಃಸ್ರಾವ_ವಾರ್ಡು

ವರ್ಷಕ್ಕೊಂದು ಜೊಲೆಡ್ರೊನಿಕ್ ಆಸಿಡ್ 5 ಮಿಲಿಗ್ರಾಂ ಡ್ರಿಪ್ ಆದರೆ ಈ ತೊಡಕಿಲ್ಲ. ಆದರೆ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಮೊದಲೇ ಸರಿಯಿರಬೇಕು, ಇಲ್ಲದಿದ್ದರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಪ್ಯಾರಾಥೈರಾಯ್ಡ್ ಕಳೆದುಕೊಂಡವರಿಗೆ ಅದು ಅಪಾಯಕಾರಿ. ಮೂತ್ರಪಿಂಡದ ಸೋಸುವ ವೇಗ 35ಕ್ಕಿಂತ ಕೆಳಗಿದ್ದರೆ ಕೊಡುವಂತಿಲ್ಲ. ಹಲ್ಲು ಕೀಳಿಸುವುದಿದ್ದರೆ ಮೊದಲು ಮುಗಿಸಿಕೊಳ್ಳಿ.

ಡೆನೊಸುಮಾಬ್ 60 ಮಿಲಿಗ್ರಾಂ ಆರು ತಿಂಗಳಿಗೊಂದು ಚುಚ್ಚುಮದ್ದು. ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ಊರಿಗೆ ಹೋಗಿದ್ದೆ, ಮರೆತೆ ಎಂದು ಬಿಡುವ ಔಷಧಿ ಅಲ್ಲ. ಪರಿಣಾಮ ಕಳೆದ ಕೆಲವೇ ತಿಂಗಳಲ್ಲಿ ಮೂಳೆ ಕರಗುವ ವೇಗ ಮೊದಲಿಗಿಂತ ಮೇಲೆ ಹೋಗಿ ಒಂದಕ್ಕಿಂತ ಹೆಚ್ಚು ಕಶೇರುಕ ಒಟ್ಟಿಗೆ ಕುಸಿಯಬಹುದು. ಏಳನೇ ತಿಂಗಳು ದಾಟದಂತೆ ತಾರೀಖು ಗುರುತಿಟ್ಟುಕೊಳ್ಳಿ. ನಿಲ್ಲಿಸಲೇಬೇಕಾದರೆ ಮುಂದಿನ ಡೋಸ್ ಬೀಳಬೇಕಾದ ಹೊತ್ತಿಗೇ ಜೊಲೆಡ್ರೊನಿಕ್ ಆಸಿಡ್ ಅಥವಾ ಅಲೆಂಡ್ರೊನೇಟ್‌ಗೆ ಬದಲಾಗಬೇಕು.